ಗುಂಯ್‌ಗುಡುವ ನರ

ತಾಲ್ಲೂಕು ಆಸ್ಪತ್ರೆಯ ಆ ಡಯಾಲಿಸಿಸ್ ಕೋಣೆಯಲ್ಲಿ ಬೆಳಗಿನ ಪಾಳಿ ಏಳಕ್ಕೇ ಶುರು. ಒಳಗೆ ಬಂದ ಯಜಮಾನರು ಮೂಲೆಯ ನಲ್ಲಿಯಲ್ಲಿ ಎಡಗೈಯನ್ನು ಮೊಣಕೈತನಕ ಸೋಪು ಹಚ್ಚಿ ತೊಳೆದುಕೊಂಡು, ಮಂಚವೇರಿ, ಆ ಕೈಯನ್ನು ದಿಂಬಿನ ಮೇಲೆ ಚಾಚಿದರು. ಮಣಿಕಟ್ಟಿನಿಂದ ಮೇಲಕ್ಕೆ ಸಣ್ಣ ಹಗ್ಗದಷ್ಟು ದಪ್ಪದ ನರವೊಂದು ಚರ್ಮದಡಿ ಹೊರಳಾಡಿಕೊಂಡು ಹೋಗಿತ್ತು. ಅದರ ಉದ್ದಕ್ಕೂ ಹಳೆಯ ಚುಚ್ಚುಗಳ ಚುಕ್ಕೆಗಳು.

“ಇವತ್ತು ಈ ಹುಡುಗಿ ಚುಚ್ತಾಳಾ ಸಿಸ್ಟರ್?” ಎಂದರು. ದನಿಯಲ್ಲಿ ಅಳುಕಿತ್ತು.

“ನಾನು ಪಕ್ಕದಲ್ಲೇ ಇರ್ತೀನಿ ಬಿಡಿ ಯಜಮಾನ್ರೇ, ಆರಾಮಾಗಿ ಮಲಕ್ಕೊಳಿ” ಎಂದ ಸಿಸ್ಟರ್, ಕಲಿಯಲು ಬಂದಿದ್ದ ಹುಡುಗಿಯ ಕಡೆ ತಿರುಗಿದರು. “ಸೂಜಿ ಕೆಳಗಿಡು. ಮೊದ್ಲು ಕಣ್ಣು, ಆಮೇಲೆ ಬೆರಳು, ಆಮೇಲೆ ಕಿವಿ. ಸೂಜಿ ಕೊನೇಲಿ.”

ಹುಡುಗಿ ನರದ ಮೇಲೆ ಬೆರಳಿಟ್ಟಳು, ಬೆಚ್ಚಿ ತೆಗೆದಳು. “ಗುಂಯ್ ಅಂತಿದೆ ಸಿಸ್ಟರ್!”

“ಅನ್ಲೇಬೇಕು. ಅದು ನಿಂತ್ರೆ ಕೈ ಕೆಟ್ಟ ಹಾಗೆ.”

ನೆಂಟರೊಬ್ಬರ ಜೊತೆಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನಾನೂ ಯಜಮಾನರನ್ನು ಕೇಳಿ ಬೆರಳಿಟ್ಟು ನೋಡಿದೆ. ಬೆಂಕಿಪೊಟ್ಟಣದಲ್ಲಿ ಕೂಡಿಟ್ಟ ಜೀರ್ಜಿಂಬೆ ರೆಕ್ಕೆ ಬಡಿದ ಹಾಗೆ ಚರ್ಮದಡಿ ಏನೋ ಗುಂಯ್‌ಗುಡುತ್ತಿತ್ತು. ಹುಟ್ಟುವಾಗ ತಂದ ನರ ಹೀಗೆ ಸದ್ದು ಮಾಡುವುದಿಲ್ಲ. ಇದು ಕೈಯಾರೆ ಮಾಡಿದ್ದು. ಹೇಗೆ ಮಾಡಬೇಕೆಂದು ಮನುಷ್ಯರಿಗೆ ಮೊದಲು ತೋರಿಸಿಕೊಟ್ಟದ್ದು ಪಂಡಿತರಲ್ಲ, ಎರಡೂವರೆ ಶತಮಾನದ ಹಿಂದೆ ಪಳಗದ ಕೈಯೊಂದು ಚುಚ್ಚಿದ ತಪ್ಪು ಚುಚ್ಚು.

ಮಾತಿನ ಗೊಂದಲವೊಂದನ್ನು ಮೊದಲೇ ಬಗೆಹರಿಸಿಕೊಳ್ಳೋಣ. ಶಾಲೆಯ ಪಾಠದಲ್ಲಿ ನರವೆಂದರೆ ಮಿದುಳಿನ ಸುದ್ದಿ ಒಯ್ಯುವ ತಂತು. ಹೃದಯದಿಂದ ರಕ್ತ ಹೊರಡುವುದು ಅಪಧಮನಿಯಲ್ಲಿ, ಮರಳುವುದು ಅಭಿಧಮನಿಯಲ್ಲಿ. ಆದರೆ ಆಸ್ಪತ್ರೆಯಲ್ಲಿ ‘ನರ ಸಿಗ್ತಿಲ್ಲ’ ಎಂದರೆ ಅದು ಅಭಿಧಮನಿಯೇ ಎಂದು ಎಲ್ಲರಿಗೂ ಗೊತ್ತು. ಇಲ್ಲೂ ಹಾಗೇ ಇರಲಿ. ನರ ಚರ್ಮದಡಿಯಲ್ಲೇ ಇರುತ್ತದೆ, ಕಣ್ಣಿಗೆ ಕಾಣುತ್ತದೆ, ಸೂಜಿಗೆ ಸಿಗುತ್ತದೆ. ಆದರೆ ಅದರಲ್ಲಿ ರಕ್ತ ಸಾವಕಾಶವಾಗಿ ಹರಿಯುತ್ತದೆ. ಅಪಧಮನಿಯಲ್ಲಿ ರಭಸವಿದೆ, ಆದರೆ ಅದು ಆಳದಲ್ಲಿ ಅಡಗಿದೆ, ಮತ್ತೆ ಮತ್ತೆ ಚುಚ್ಚಿದರೆ ಸಹಿಸುವುದಿಲ್ಲ. ಕೈಕೊಟ್ಟ ಕಿಡ್ನಿಯ ಬದಲು ರಕ್ತ ತೊಳೆಯುವ ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಬೇಕು, ಅದೂ ನಾಲ್ಕು ತಾಸು ಬಿಡದೆ. ಕೈಗೆ ಸಿಗುವ ನರದಲ್ಲಿ ಅಷ್ಟು ಹರಿವಿಲ್ಲ, ಹರಿವಿರುವ ಅಪಧಮನಿ ಕೈಗೆ ಸಿಗುವುದಿಲ್ಲ. ಇಡೀ ಕತೆಯ ಗಂಟು ಇಷ್ಟೇ.

18ನೇ ಶತಮಾನದ ಯುರೋಪಿನಲ್ಲಿ ಜ್ವರ ಬಂದರೂ ತಲೆ ನೊಂದರೂ ರಕ್ತ ತೆಗೆಯುವುದೇ ಮದ್ದು. ಮೊಣಕೈ ಮಡಿಕೆಯಲ್ಲಿ ಎದ್ದು ಕಾಣುವ ನರವನ್ನು ಪುಟ್ಟ ಚೂರಿಯಿಂದ ಗೀರಿ ಬಟ್ಟಲಿಗೆ ರಕ್ತ ಇಳಿಸುತ್ತಿದ್ದರು. ಆ ಜಾಗದ ಅಪಾಯವೆಂದರೆ ನರದ ಕೆಳಗೇ ತೆಳುವಾದೊಂದು ಪೊರೆ, ಅದರ ಕೆಳಗೇ ತೋಳಿನ ದೊಡ್ಡ ಅಪಧಮನಿ. ಚೂರಿ ಕೂದಲೆಳೆಯಷ್ಟು ಹೆಚ್ಚು ಇಳಿದರೆ ನರವನ್ನು ಹಾದು ಅಪಧಮನಿಯನ್ನೂ ತೂತು ಮಾಡುತ್ತದೆ. ಕಟ್ಟು ಹಾಕಿದ ಮೇಲೆ ಹೊರಗಿನ ಗಾಯವೇನೋ ಮಾಯುತ್ತಿತ್ತು. ಒಳಗೆ ಮಾತ್ರ ಎರಡು ತೂತುಗಳು ಒಂದಕ್ಕೊಂದು ಕೂಡಿಕೊಂಡು ಕಳ್ಳದಾರಿಯೊಂದು ಉಳಿದುಬಿಡುತ್ತಿತ್ತು.

ಲಂಡನ್ನಿನ ಅಂಗರಚನಾ ತಜ್ಞ ವಿಲಿಯಂ ಹಂಟರ್ ಇಂಥ ಕೈಗಳನ್ನು ಕಂಡು 1757ರಲ್ಲಿ ವಿವರಿಸಿದ. ನರ ಊದಿಕೊಂಡಿತ್ತು. ಮುಟ್ಟಿದರೆ ಕಂಪಿಸುತ್ತಿತ್ತು, ಕಿವಿಗೊಟ್ಟರೆ ಬುಸುಗುಟ್ಟುತ್ತಿತ್ತು. ಅಪಧಮನಿಯ ರಕ್ತ ಮುಂದಕ್ಕೆ ಹೋಗದೆ ನೇರ ನರಕ್ಕೆ ನುಗ್ಗುತ್ತಿರುವುದೇ ಕಾರಣವೆಂದು ಅವನು ಸರಿಯಾಗಿಯೇ ಗುರುತಿಸಿದ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಹುಡುಗಿಯ ಬೆರಳಿಗೆ ಸಿಕ್ಕಿದ್ದು ಹಂಟರ್ ಬರೆದಿಟ್ಟ ಅದೇ ಕಂಪನ. ಅವನ ಕಾಲಕ್ಕೆ ಅದೊಂದು ಅವಘಡ. ಮುಂದಿನ ಇನ್ನೂರು ವರ್ಷ ಶಸ್ತ್ರವೈದ್ಯರಿಗೂ ಅಷ್ಟೇ. ಗುಂಡೇಟು, ಇರಿತದಿಂದ ಇಂಥ ಕೂಡುದಾರಿಯಾದರೆ ಬಿಡಿಸಿ ಸರಿಪಡಿಸಬೇಕಾದ ಗಾಯವೆಂದೇ ಅವರು ತಿಳಿದಿದ್ದರು.

ಈ ನಡುವೆ ಯಂತ್ರವೇ ಮೊದಲು ಹುಟ್ಟಿತು. ಜರ್ಮನಿಯ ಗೀಸನ್ ಊರಿನಲ್ಲಿ ಗಿಯೋರ್ಗ್ ಹಾಸ್ 1924ರಲ್ಲಿ ಮನುಷ್ಯನ ರಕ್ತವನ್ನು ಮೊದಲ ಸಲ ಮೈಯಿಂದಾಚೆ ಶುದ್ಧಿ ಮಾಡಿ ನೋಡಿದ. ಹೆಪ್ಪುಗಟ್ಟದಿರಲು ಅವನು ಬಳಸಿದ್ದು ಜಿಗಣೆಯಿಂದ ತೆಗೆದ ಮದ್ದು; ಚಿಕಿತ್ಸೆ ನಡೆದದ್ದು ಕಾಲು ತಾಸು. ಆಮೇಲೆ 1943. ಜರ್ಮನ್ನರ ಹಿಡಿತದಲ್ಲಿದ್ದ ನೆದರ್ಲೆಂಡ್ಸಿನ ಕಾಂಪೆನ್ ಎಂಬ ಪುಟ್ಟ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ಯುವ ವೈದ್ಯ ಮರದ ಪಟ್ಟಿಗಳ ಉರುಳೆಯೊಂದಕ್ಕೆ, ಮಾಂಸದ ಸಾಸೇಜಿಗೆ ಹೊದಿಸುವ ಸೆಲೊಫೇನ್ ಕೊಳವೆಯನ್ನು ಸುತ್ತಿದ. ಕೊಳವೆಯೊಳಗೆ ರಕ್ತ ಹರಿಯುತ್ತಿತ್ತು, ಉರುಳೆ ಉಪ್ಪುನೀರಿನ ತೊಟ್ಟಿಯಲ್ಲಿ ಅರ್ಧ ಮುಳುಗಿ ತಿರುಗುತ್ತಿತ್ತು, ರಕ್ತದ ವಿಷ ನೀರಿಗೆ ಸೋರುತ್ತಿತ್ತು. ಯುದ್ಧದ ಅಭಾವದ ನಡುವೆ ಕೈಗೆ ಸಿಕ್ಕ ಸಾಮಾನಿನಿಂದ ಕಟ್ಟಿದ ಕಿಡ್ನಿ ಅದು, ಮತ್ತು ಅದು ಕೆಲಸ ಮಾಡಿತು.

ಕೆಲಸ ಮಾಡದೇ ಹೋದದ್ದು ಯಂತ್ರಕ್ಕೂ ಮೈಗೂ ನಡುವಿನ ದಾರಿ. ಪ್ರತಿ ಸಲವೂ ಚರ್ಮ ಕುಯ್ದು, ರಕ್ತನಾಳ ಬಿಡಿಸಿ, ಗಾಜಿನ ನಳಿಗೆ ತೂರಿಸಬೇಕು. ಮುಗಿದ ಮೇಲೆ ಆ ನಾಳವನ್ನು ಕಟ್ಟಿಬಿಡಬೇಕು. ಒಮ್ಮೆ ಕಟ್ಟಿದ್ದು ಇನ್ನೆಂದಿಗೂ ಇಲ್ಲ. ಕೋಲ್ಫನ ಮೊದಲ ರೋಗಿ 29 ವರ್ಷದ ಹೆಣ್ಣುಮಗಳು. ಹನ್ನೆರಡು ಸಲ ಡಯಾಲಿಸಿಸ್ ಆಯಿತು, ಪ್ರತಿ ಸಲವೂ ಸ್ವಲ್ಪ ಚೇತರಿಸಿಕೊಂಡಳು. ಹನ್ನೆರಡರ ನಂತರ ನಳಿಗೆ ಹಾಕಲು ಜಾಗವೇ ಉಳಿಯಲಿಲ್ಲ. ಎದುರಿಗೆ ಯಂತ್ರವಿತ್ತು, ಅದಕ್ಕೆ ಜೋಡಿಸುವ ದಾರಿ ಮುಗಿದುಹೋಗಿತ್ತು. ಅವಳು ತೀರಿಕೊಂಡಳು.

1945ರಲ್ಲಿ ಅರವತ್ತೇಳರ ಹೆಂಗಸೊಬ್ಬರು ಕೋಲ್ಫನ ಯಂತ್ರದಿಂದ ಬದುಕಿ ಮನೆಗೆ ಹೋದರು. ಅವರ ಕಿಡ್ನಿಗೆ ಬಂದದ್ದು ತಾತ್ಕಾಲಿಕ ಆಘಾತ. ಅದು ತಾನೇ ಸುಧಾರಿಸಿಕೊಳ್ಳುವವರೆಗೆ ಯಂತ್ರ ಆಸರೆಯಾದರೆ ಸಾಕಿತ್ತು. ಕಿಡ್ನಿ ಪೂರಾ ಕೈಕೊಟ್ಟವರಿಗೆ ಮಾತ್ರ ಇನ್ನೂ ಹದಿನೈದು ವರ್ಷ ಏನೂ ಇರಲಿಲ್ಲ.

1960ರ ಸುಮಾರಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯನಿಗೆ ಇದೇ ಸಂಕಟ ಎದುರಾಯಿತು. ಸ್ಪೊಕೇನ್ ಊರಿನಿಂದ ಬಂದ ರೋಗಿಯೊಬ್ಬ ಡಯಾಲಿಸಿಸ್‌ನಿಂದ ಚೇತರಿಸಿಕೊಂಡು ಎದ್ದು ಕೂತ. ಆಮೇಲೆ ಗೊತ್ತಾಯಿತು, ಅವನ ಕಿಡ್ನಿ ಇನ್ನು ಮರಳುವುದಿಲ್ಲ ಎಂದು. ಎದ್ದು ಕೂತವನನ್ನೇ ಮನೆಗೆ ಕರೆದುಕೊಂಡು ಹೋಗಿ ಎನ್ನಬೇಕಾಯಿತು. ಆ ಕೊರಗಿನಲ್ಲಿದ್ದ ಸ್ಕ್ರಿಬ್ನರ್‌ಗೆ ನಡುರಾತ್ರಿ ಎಚ್ಚರವಾದಾಗ ಒಂದು ಯೋಚನೆ ಹೊಳೆಯಿತು. ನಳಿಗೆಗಳನ್ನು ಪ್ರತಿ ಸಲ ತೆಗೆಯುವುದೇಕೆ? ಅಪಧಮನಿಗೊಂದು, ನರಕ್ಕೊಂದು ಕೊಳವೆ ಹಾಕಿ, ತುದಿಗಳನ್ನು ಚರ್ಮದಾಚೆ ತಂದು, ಬಿಡುವಿನ ದಿನಗಳಲ್ಲಿ ಅವೆರಡನ್ನೂ ಬಾಗಿದ ಕೊಳವೆಯಿಂದ ಕೂಡಿಸಿಬಿಟ್ಟರೆ? ಹರಿಯುತ್ತಿರುವ ರಕ್ತ ಹೆಪ್ಪುಗಟ್ಟುವುದಿಲ್ಲವಲ್ಲ.

ಕೊಳವೆ ಯಾವುದರದ್ದೆಂಬುದಕ್ಕೆ ಸಹೋದ್ಯೋಗಿಯೊಬ್ಬ ಉತ್ತರ ಕೊಟ್ಟ: ಟೆಫ್ಲಾನ್. ಇಂದು ದೋಸೆ ತವಾಕ್ಕೆ ಬಳಿಯುವ ಅದೇ ವಸ್ತು. ದೋಸೆ ಅಂಟದ ಹಾಗೆ ರಕ್ತವೂ ಅದಕ್ಕೆ ಸುಲಭಕ್ಕೆ ಅಂಟುವುದಿಲ್ಲ. ಉಪಕರಣ ಮಾಡುವುದರಲ್ಲಿ ಪಳಗಿದ್ದ ವೇಯ್ನ್ ಕ್ವಿಂಟನ್ ಅದನ್ನು ಕಾಯಿಸಿ ಬಗ್ಗಿಸಿ ರೂಪ ಕೊಟ್ಟ. 1960ರ ಮಾರ್ಚ್ 9ರಂದು ಬೋಯಿಂಗ್ ಕಾರ್ಖಾನೆಯ ಕೆಲಸಗಾರ ಕ್ಲೈಡ್ ಶೀಲ್ಡ್ಸ್‌ನ ಮುಂಗೈಗೆ ಅದನ್ನು ಅಳವಡಿಸಿದರು. ದಿನ ಎಣಿಸುತ್ತಿದ್ದವನು ಇನ್ನೂ ಹನ್ನೊಂದು ವರ್ಷ ಬಾಳಿದ. ಯಂತ್ರಗಳು ಬೆರಳೆಣಿಕೆಯಷ್ಟು, ಬೇಕಾದವರು ಬಹಳ. ಹಾಗಾಗಿ ಯಾರಿಗೆ ಸರದಿ ಎಂದು ತೀರ್ಮಾನಿಸಲು ಊರಿನ ಏಳು ಮಂದಿಯ ಸಮಿತಿ ಕೂರಿಸಿದರು. 1962ರಲ್ಲಿ ‘ಲೈಫ್’ ಪತ್ರಿಕೆ ಅದನ್ನು ಬರೆದಾಗ ದೇಶವೇ ಕಸಿವಿಸಿಗೊಂಡಿತು.

ಆದರೆ ಚರ್ಮದಾಚೆ ನೇತಾಡುವ ಕೊಳವೆ ಎಷ್ಟು ದಿನ ತಾಳೀತು? ಅದರ ಬುಡದಲ್ಲಿ ಕೀವಾಗುತ್ತಿತ್ತು, ಒಳಗೆ ಹೆಪ್ಪುಗಟ್ಟುತ್ತಿತ್ತು. ನಿದ್ದೆಯಲ್ಲಿ ಎಲ್ಲಾದರೂ ಸಿಕ್ಕಿ ಜೋಡಣೆ ಕಳಚಿದರೆ ರಕ್ತ ಸುರಿದುಹೋಗುತ್ತಿತ್ತು. ಕೆಲವು ತಿಂಗಳಿಗೊಮ್ಮೆ ಹೊಸ ಜಾಗ ಹುಡುಕಬೇಕು. ನಾಳಗಳ ಲೆಕ್ಕ ಮತ್ತೆ ಇಳಿಯುತ್ತಲೇ ಇತ್ತು.

ಗಂಟು ಬಿಚ್ಚಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯಲ್ಲಿ. ಅಲ್ಲಿದ್ದ ಜೇಮ್ಸ್ ಚಿಮಿನೊ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಖರ್ಚಿಗೆಂದು ಬೆಲ್‌ವ್ಯೂ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸ ಮಾಡಿದ್ದ. ಆಗಿನಿಂದಲೇ ಜನರ ತೋಳಿಗೆ ಪಟ್ಟಿ ಬಿಗಿದು, ನರ ಉಬ್ಬಿಸಿ, ದಪ್ಪ ಸೂಜಿ ಹಾಕಿ ಪಳಗಿದ ಕೈ. ಸರಿಯಾಗಿ ಉಬ್ಬಿದ ನರಕ್ಕೆ ಸೂಜಿ ಸರಿಯಾಗಿ ಕೂತರೆ ರಕ್ತ ಹೇಗೆ ಧಾರೆಯಾಗಿ ಬರುತ್ತದೆಂದು ಅವನಿಗೆ ಪುಸ್ತಕದಿಂದಲ್ಲ, ಬೆರಳಿನಿಂದ ಗೊತ್ತಿತ್ತು. ಉಳಿದವರು ಕೊಳವೆಯನ್ನು ಸುಧಾರಿಸಲು ಹೊರಟಾಗ ಇವನು ಸೂಜಿಯ ಕಡೆ ತಿರುಗಿದ್ದಕ್ಕೆ ಇದೇ ಕಾರಣವಿರಬೇಕು. ಮೈಕಲ್ ಬ್ರೆಶಿಯಾ ಜೊತೆಗೂಡಿ, ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ನರದಿಂದಲೇ ರಕ್ತ ತೆಗೆದು ಇನ್ನೊಂದು ನರಕ್ಕೆ ಮರಳಿಸುವ ಕ್ರಮವನ್ನು 1962ರಲ್ಲಿ ಪ್ರಕಟಿಸಿದ. ಕುಯ್ಯುವುದು ತಪ್ಪಿತು. ಆದರೆ ನರ ಚೆನ್ನಾಗಿ ಉಬ್ಬಿದವರಿಗಷ್ಟೇ ಅದು ನಡೆಯುತ್ತಿತ್ತು.

ನರ ಉಬ್ಬದಿದ್ದರೆ? ಸದಾ ಉಬ್ಬಿಯೇ ಇರುವ ನರಗಳನ್ನು ಚಿಮಿನೊ ಕಂಡಿದ್ದ. ಕೊರಿಯಾ ಯುದ್ಧದಲ್ಲಿ ಗಾಯವಾಗಿ ಅಪಧಮನಿ ಮತ್ತು ನರ ಕೂಡಿಕೊಂಡ ಸೈನಿಕರಿದ್ದರು. ಹಂಟರ್ ಬರೆದಿದ್ದ ಅದೇ ಗುಂಯ್‌ಗುಡುವ ಕೈಗಳು. ಅವನ್ನು ಹೊತ್ತೇ ಅವರು ಬದುಕು ಸಾಗಿಸುತ್ತಿದ್ದರು. ಗಾಯ ತಾನಾಗಿ ಮಾಡಿದ್ದನ್ನು ನಾವೇ ಯಾಕೆ ಮಾಡಬಾರದು ಎಂಬ ಪ್ರಶ್ನೆ ಅಲ್ಲಿಂದ ಬಂತು. ಆಸ್ಪತ್ರೆಯ ಶಸ್ತ್ರವೈದ್ಯ ಕೆನೆತ್ ಆಪೆಲ್ 1965ರ ಫೆಬ್ರವರಿ 19ರಂದು ರೋಗಿಯೊಬ್ಬನ ಮಣಿಕಟ್ಟಿನಲ್ಲಿ ಅಪಧಮನಿಯ ಪಕ್ಕೆಯನ್ನೂ ನರದ ಪಕ್ಕೆಯನ್ನೂ ಕೆಲವೇ ಮಿಲಿಮೀಟರ್ ಸೀಳಿ, ಒಂದಕ್ಕೊಂದು ಹೊಲಿದ.

ಹೊರಗೆ ಕೊಳವೆಯಿಲ್ಲ, ಪರಕೀಯ ವಸ್ತುವಿಲ್ಲ. ಮಣಿಕಟ್ಟಿನ ಅಪಧಮನಿಯಲ್ಲಿ ಮೊದಲು ನಿಮಿಷಕ್ಕೆ ಇಪ್ಪತ್ತು ಮೂವತ್ತು ಮಿಲಿಲೀಟರ್ ಹರಿಯುವ ರಕ್ತ, ಹೊಲಿದ ಕೆಲವು ವಾರದಲ್ಲಿ ಐನೂರು ಆರುನೂರು ದಾಟುತ್ತದೆ. ಆ ರಭಸ ತಡೆಯಲು ನರ ಹಿಗ್ಗುತ್ತದೆ, ಅದರ ಗೋಡೆ ದಪ್ಪವಾಗುತ್ತದೆ. ಅಪಧಮನಿಯ ಹರಿವು, ನರದ ಜಾಗ, ಎರಡೂ ಒಂದೇ ಕಡೆ ಸಿಕ್ಕವು. 1966ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ವರದಿ ಬಂತು. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲರೂ ಹೇಳುವ ಫಿಸ್ಟುಲಾ ಎಂದರೆ ಇದೇ. ಅರವತ್ತು ವರ್ಷವಾದರೂ ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕಿಲ್ಲ.

ಸಾಮಾನ್ಯವಾಗಿ ಕತೆಯನ್ನು ಇಲ್ಲಿಗೇ ಮುಗಿಸುತ್ತಾರೆ. ಆದರೆ ಒಂದು ಮಾತು ಉಳಿದುಹೋಗುತ್ತದೆ. ಸ್ಕ್ರಿಬ್ನರ್‌ನ ಕೊಳವೆಗೆ ಸೂಜಿ ಬೇಕಿರಲಿಲ್ಲ. ಬಿಚ್ಚಿ ಯಂತ್ರಕ್ಕೆ ಸಿಕ್ಕಿಸಿದರೆ ಆಯಿತು. ಫಿಸ್ಟುಲಾ ಎಲ್ಲವನ್ನೂ ಚರ್ಮದೊಳಗೆ ಮುಚ್ಚಿತು, ಹಾಗಾಗಿ ಪ್ರತಿ ಸಲ ಚುಚ್ಚಲೇಬೇಕಾಯಿತು. ರಕ್ತ ಎಳೆಯಲು ಒಂದು ಸೂಜಿ, ಶುದ್ಧವಾದದ್ದನ್ನು ಕಳಿಸಲು ಇನ್ನೊಂದು. ವಾರಕ್ಕೆ ಮೂರು ಸಲವೆಂದರೆ ವರ್ಷಕ್ಕೆ 312 ಚುಚ್ಚು, ಅದೂ ಒಂದು ಗೇಣು ಉದ್ದದ ನರದಲ್ಲಿ. ಸೂಜಿಯೂ ಜ್ವರದ ಇಂಜೆಕ್ಷನ್ನಿನದಲ್ಲ; 16ನೇ ನಂಬರಿನದು ಒಂದೂವರೆ ಮಿಲಿಮೀಟರಿಗಿಂತ ದಪ್ಪ. ಶಸ್ತ್ರವೈದ್ಯ ಒಮ್ಮೆ ಹೊಲಿದು ಕೈತೊಳೆದುಕೊಳ್ಳುತ್ತಾನೆ. ಆ ಹೊಲಿಗೆ ಹತ್ತು ವರ್ಷ ಬಾಳುತ್ತದೋ ಹತ್ತು ತಿಂಗಳಿಗೆ ಕೆಡುತ್ತದೋ ಎನ್ನುವುದರಲ್ಲಿ ದೊಡ್ಡ ಪಾಲು ದಿನಾ ಚುಚ್ಚುವವರ ಬೆರಳಿನದು.

ಅದಕ್ಕೇ ಸಿಸ್ಟರ್ ಸೂಜಿ ಕೆಳಗಿಡು ಎಂದದ್ದು. ಕಣ್ಣಿನ ಕೆಲಸ ಮೊದಲು: ಕೆಂಪಾಗಿದೆಯೇ, ಊದಿದೆಯೇ, ಎಲ್ಲಾದರೂ ಚರ್ಮ ತೆಳ್ಳಗಾಗಿ ಹೊಳೆಯುತ್ತಿದೆಯೇ? ಆಮೇಲೆ ಬೆರಳು: ಗುಂಯ್ ಎನ್ನುವುದು ಎಲ್ಲಿಂದ ಎಲ್ಲಿವರೆಗಿದೆ? ಒಂದೇ ಸಮನೆ ಗುಂಯ್ ಎನ್ನದೆ ಬಡಿತದಂತೆ ಕುಟ್ಟುತ್ತಿದ್ದರೆ ಮುಂದೆಲ್ಲೋ ದಾರಿ ಕಿರಿದಾಗಿದೆ. ಕಡೆಗೆ ಸ್ಟೆತಸ್ಕೋಪು: ಇಳಿದನಿಯ ಹೊಯ್ ಎಂಬ ಸದ್ದು ಸರಿ, ಸಿಳ್ಳೆಯಾದರೆ ಡಾಕ್ಟರಿಗೆ ಹೇಳಬೇಕು.

“ನಡುವೆ ಒತ್ತು. ಯಾವ ಕಡೆ ಕುಟ್ತಾ ಇದೆ?”

“ಮಣಿಕಟ್ಟಿನ ಕಡೆ.”

“ಹಂಗಾದ್ರೆ ರಕ್ತ ಆ ಕಡೆಯಿಂದ ಬರ್ತಿದೆ. ಎಳೆಯೋ ಸೂಜಿ ಅಲ್ಲಿ, ಕಳಿಸೋದು ಮೇಲೆ. ತಿರುಗಾಮುರುಗಾ ಹಾಕಿದ್ಯೋ, ತೊಳೆದ ರಕ್ತಾನೇ ಮತ್ತೆ ತೊಳೀತಾ ಕೂರುತ್ತೆ ಮಷೀನು.”

ಇಷ್ಟಾದ ಮೇಲೆ ಪಟ್ಟಿ ಬಿಗಿದು, ಔಷಧಿ ಸವರಿ ಒಣಗಲು ಬಿಟ್ಟು, ಸೂಜಿ ಕೈಗೆ ತೆಗೆದುಕೊಂಡಳು. ಓರೆಯಾಗಿ ಸೀಳಿದ ಮೂತಿ ಮೇಲ್ಮುಖ. ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದಳು, ಇಲ್ಲದಿದ್ದರೆ ನರ ಪಕ್ಕಕ್ಕೆ ಜಾರುತ್ತದೆ. ಇಪ್ಪತ್ತೈದು ಡಿಗ್ರಿಯಷ್ಟು ಓರೆ. ಚರ್ಮ ದಾಟಿತು. ಇನ್ನೊಂದು ಚೂರು. ಕೊಳವೆಯಲ್ಲಿ ಕೆಂಪು ಚಿಮ್ಮಿತು.

“ನಿಲ್ಲು! ಈಗ ಮಲಗಿಸು ಸೂಜೀನ. ಮಲಗಿಸಿ ಮುಂದಕ್ಕೆ ಬಿಡು.”

ಇಲ್ಲೇ ಹೊಸಬರು ಎಡವುವುದು. ರಕ್ತ ಕಂಡ ಖುಷಿಯಲ್ಲಿ ಅದೇ ಓರೆಯಲ್ಲಿ ಮುಂದೂಡಿದರೆ ಮೂತಿ ನರದ ಹಿಂಗೋಡೆಯನ್ನು ತೂತು ಮಾಡುತ್ತದೆ. ರಕ್ತ ಮಾಂಸದೊಳಗೆ ಸೋರಿ ಕೈ ನೀಲಿಗಟ್ಟಿ ಊದುತ್ತದೆ. ಹಂಟರ್ ಕಾಲದಲ್ಲಿ ಆದ ತಪ್ಪೂ ಇದೇ: ನರ ಸಿಕ್ಕಿದ ಮೇಲೂ ನಿಲ್ಲದ ಕೈ. ಅಂದು ಅದರಿಂದ ಫಿಸ್ಟುಲಾ ಹುಟ್ಟಿತು, ಇಂದು ಅದರಿಂದಲೇ ಫಿಸ್ಟುಲಾ ಸಾಯುತ್ತದೆ. ಹಾಗಾಗಿ ಕಲಿಯುವವರಿಗೆ ಮೊದಲು ಪ್ಲಾಸ್ಟಿಕ್ ಕೈ, ಆಮೇಲೆ ಹಳೆಯ ಗಟ್ಟಿ ಫಿಸ್ಟುಲಾ. ಹೊಸದಾಗಿ ಹೊಲಿದ ಎಳೆಯ ನರಕ್ಕೆ ಮೊದಲ ಸೂಜಿ ಹಾಕುವುದು ಆ ಕೋಣೆಯ ಅತ್ಯಂತ ಪಳಗಿದ ಕೈಯೇ ಆಗಬೇಕೆಂದು ನಿಯಮ.

ಎಲ್ಲಿ ಚುಚ್ಚಬೇಕೆಂಬುದೂ ಒಂದು ವಿದ್ಯೆಯೇ. ಚುಚ್ಚಿ ಚುಚ್ಚಿ ಮರಗಟ್ಟಿದ ಜಾಗದಲ್ಲಿ ನೋವು ಕಡಿಮೆ. ರೋಗಿಯೂ ಅಲ್ಲೇ ಹಾಕಿ ಎನ್ನುತ್ತಾರೆ, ಚುಚ್ಚುವವರಿಗೂ ಸಲೀಸು. ಆದರೆ ಆ ಸುತ್ತಲೇ ಚುಚ್ಚುತ್ತಿದ್ದರೆ ಗೋಡೆ ಸವೆದು ಬಲೂನಿನಂತೆ ಉಬ್ಬುತ್ತದೆ. ಅದಕ್ಕೇ ಏಣಿಯ ಮೆಟ್ಟಿಲಿನ ಹಾಗೆ ಪ್ರತಿ ಸಲ ಒಂದಿಷ್ಟು ಸರಿದು ಚುಚ್ಚುವ ಕ್ರಮ.

ಇದಕ್ಕೆ ತದ್ವಿರುದ್ಧವಾದ ದಾರಿಯೊಂದು 1970ರ ದಶಕದ ಪೋಲೆಂಡಿನಲ್ಲಿ ಸಿಕ್ಕಿತು. ಜ್ಬಿಲುಟ್ ಟ್ವಾರ್ಡೊವ್‌ಸ್ಕಿ ಎಂಬ ವೈದ್ಯನ ರೋಗಿಯೊಬ್ಬರಿಗೆ ಚುಚ್ಚಬಹುದಾದ ನರ ಉಳಿದದ್ದೇ ತುಸು. ಬೇರೆ ದಾರಿಯಿಲ್ಲದೆ ಅದೇ ತೂತಿನಲ್ಲಿ ಮತ್ತೆ ಮತ್ತೆ ಸೂಜಿ ಹಾಕಬೇಕಾಯಿತು. ಉಬ್ಬೀತು, ಒಡೆದೀತು ಎಂದು ಹೆದರಿದ್ದರೆ ಆದದ್ದೇ ಬೇರೆ. ದಿನ ಕಳೆದಂತೆ ಸೂಜಿ ಸುಲಭವಾಗಿ ಇಳಿಯಿತು, ನೋವೂ ತಗ್ಗಿತು. ಕಿವಿ ಚುಚ್ಚಿಸಿ ಓಲೆ ಹಾಕುತ್ತ ಬಂದರೆ ತೂತು ಉಳಿಯುವ ಹಾಗೆ, ಚರ್ಮದಿಂದ ನರದವರೆಗೆ ಪುಟ್ಟ ಸುರಂಗವೊಂದು ಗಟ್ಟಿಯಾಗಿತ್ತು. 1979ರಲ್ಲಿ ಟ್ವಾರ್ಡೊವ್‌ಸ್ಕಿ ಎರಡೂ ಕ್ರಮಗಳನ್ನು ಹೋಲಿಸಿ ಬರೆದ. ಮುಂದೆ ಅದಕ್ಕೆ ಅಂಗಿಯ ಗುಂಡಿತೂತಿನ ಹೆಸರೇ ಬಂತು. ಸುರಂಗ ಕೂಡಿದ ಮೇಲೆ ಮೊಂಡು ಸೂಜಿಯೇ ಸಾಕು. ಆದರೆ ಕೂಡುವ ತನಕ ಅದೇ ಜಾಗ, ಅದೇ ಓರೆ, ಅದೇ ಆಳ ಇರಬೇಕು. ಹಾಗಾಗಬೇಕಾದರೆ ಕೈಯೂ ಒಬ್ಬರದೇ ಇರಬೇಕು. ಪ್ರತಿ ಸಲ ತೂತಿನ ಮೇಲಿನ ಹಕ್ಕಳೆಯನ್ನು ಶುದ್ಧವಾಗಿ ತೆಗೆಯದಿದ್ದರೆ ರೋಗಾಣು ನೇರ ರಕ್ತಕ್ಕೇ ಇಳಿಯುತ್ತದೆ. ಈ ಸೋಂಕಿನ ಭಯದಿಂದ ಅನೇಕರು ಮತ್ತೆ ಏಣಿಯ ಕ್ರಮಕ್ಕೇ ಮರಳಿದ್ದಾರೆ.

ಹನ್ನೊಂದೂವರೆಗೆ ಯಂತ್ರ ನಿಂತಿತು. ಹುಡುಗಿ ಸೂಜಿ ತೆಗೆದು ಬ್ಯಾಂಡೇಜ್ ಬಟ್ಟೆ ಒತ್ತಿದಳು. “ಸೂಜಿ ಪೂರ್ತಿ ಆಚೆ ಬಂದ ಮೇಲೆ ಒತ್ತು, ಮುಂಚೆ ಒತ್ತಿದ್ರೆ ಒಳಗೆ ಕುಯ್ಯುತ್ತೆ” ಎಂದು ಸಿಸ್ಟರ್ ಮೊದಲೇ ಎಚ್ಚರಿಸಿದ್ದರು. ಒತ್ತುವುದಕ್ಕೂ ಹದವಿದೆ. ರಕ್ತ ನಿಲ್ಲಬೇಕು, ಗುಂಯ್ ನಿಲ್ಲಬಾರದು. ಹತ್ತು ನಿಮಿಷ ಕಳೆಯಿತು. ಬಟ್ಟೆ ಎತ್ತಿ ನೋಡಿದಳು, ರಕ್ತವಿಲ್ಲ. ಕೈ ಎಲ್ಲೂ ಊದಿರಲಿಲ್ಲ.

“ಸದ್ದು ಇದೆಯಾ ಯಜಮಾನ್ರೇ?” ಎಂದಳು.

ಬೆಳಿಗ್ಗೆ ಅಳುಕಿದ್ದ ಯಜಮಾನರು ಪಂಚೆ ಸರಿಮಾಡಿಕೊಳ್ಳುತ್ತಿದ್ದರು. ತಾವು ಮುಟ್ಟಿ ನೋಡಲಿಲ್ಲ. ಕೈಯನ್ನು ಅವಳ ಮುಂದೆ ಚಾಚಿ, “ನೀನೇ ನೋಡವ್ವ” ಎಂದರು.